ಪಟ್ಟಿಯಲ್ಲಿ ಹೆಸರುಂಟೆ?

ಮತದಾನವು ಪೌರನ ಪ್ರಥಮ ಕರ್ತವ್ಯವೆಂದು ಈ ಪುಟದಲ್ಲಿ ನಾವು ಎಷ್ಟು ಸಲ ಬರೆದಿರುವೆವೋ ನಮಗೇ ಲೆಕ್ಕವಿಲ್ಲ. ಅಂತಹ ನಾವು ೨೦೨೩ನೆಯ ಇಸವಿ ಮೇ ತಿಂಗಳ ೧೦ನೆಯ ತಾರೀಖು, ವಿಧಾನಸಭೆಯ ಚುನಾವಣೆಯ ದಿವಸ, ಬೆಳಗಿನ ಸ್ನಾನ ಮುಗಿಸಿ, ಒಗೆದ ಪಂಚೆಯುಟ್ಟು, ಗುರುತಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮತಗಟ್ಟೆಗೆ ಹೋದೆವು; ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು; ಬೆರಳಿಗೆ ಮಸಿ ಹತ್ತದೆ ಹಿಂದಿರುಗಿದೆವು. ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಅಲ್ಲಿದ್ದ ಅಧಿಕಾರಿಗಳು ಸಭ್ಯರು. ಹಾಳೆಗಳನ್ನು ಎರಡಾವರ್ತಿ ತಿರುವಿ ನೋಡಿ, "ಸಾರ್, ತಮ್ಮ ಚೀಟಿ ಸರಿಯಾಗಿದೆ, ಹೆಸರು ಮಾತ್ರ ಇಲ್ಲ" ಎಂದರು. ಅಚ್ಚುಕೂಟಕ್ಕೆ ಬಂದರೆ, ಅಲ್ಲಿ ಕಸ ಗುಡಿಸುವ ಮುದುಕಿಯು ಮಸಿ ಹಚ್ಚಿದ ತನ್ನ ಬೆರಳನ್ನೆತ್ತಿ ತೋರಿಸಿ, "ನಾನು ಏಳಕ್ಕೇ ಹೋಗಿ ಹಾಕಿ ಬಂದೆ ಸ್ವಾಮಿ, ನೀವು ಹಾಕಿದ್ರಾ?" ಎಂದು ಕೇಳಿದಳು. ಆ ಪ್ರಶ್ನೆಗೆ ನಾವು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಷ್ಟು ಧೈರ್ಯ ನಮಗಿಲ್ಲ.

ತಪ್ಪು ಯಾರದು? ನಮ್ಮದೇ. ಅದಕ್ಕೆ ಎರಡು ವರ್ಷ ಮುಂಚೆ ನಾವು ಕೋಟೆಯ ಒಳಗಿನ ಹಳೆಯ ಮನೆಯನ್ನು ಬಿಟ್ಟು ರೈಲು ನಿಲ್ದಾಣದ ಆಚೆಗಿನ ಹೊಸ ಬಡಾವಣೆಗೆ ಬಂದಿದ್ದೆವು. ಹಾಲಿನವನಿಗೆ ಹೊಸ ವಿಳಾಸ ತಿಳಿಸಿದೆವು, ಅಂಚೆಯವನಿಗೆ ತಿಳಿಸಿದೆವು, ಗ್ಯಾಸಿನವನಿಗೆ ತಿಳಿಸಿದೆವು. ಚುನಾವಣೆಯ ಕಚೇರಿಗೆ ತಿಳಿಸಲಿಲ್ಲ. ಹಳೆಯ ಬೀದಿಯಲ್ಲಿ ಮನೆ ಮನೆ ತಿರುಗಿ ವಿಚಾರಿಸಿದವರು ಇವರು ಇಲ್ಲಿಲ್ಲವೆಂದು ಬರೆದುಕೊಂಡರು. ಆ ಮಾತು ಸತ್ಯವೇ ಆಗಿತ್ತು. ಬಂದಿದ್ದ ನೋಟೀಸು ಹಳೆಯ ಬಾಗಿಲಿಗೆ ಹೋಗಿರಬೇಕು. ಹೊಸ ಬೀದಿಯಲ್ಲಿ ನಮ್ಮ ಹೆಸರನ್ನು ಬರೆಯಿರೆಂದು ಕೇಳಬೇಕಾದವರು ನಾವು, ಕೇಳಲಿಲ್ಲ. ಇಂತಹ ಅನುಭವ ನಮ್ಮೊಬ್ಬರದೇ ಆಗಿದ್ದಲ್ಲಿ ಅದನ್ನು ನುಂಗಿಕೊಂಡು ಸುಮ್ಮನಿರುತ್ತಿದ್ದೆವು. ಆದರೆ ಆ ದಿವಸ ಸಂಜೆ ನಮ್ಮ ಕಚೇರಿಯ ಜಗಲಿಯಲ್ಲಿ ಕುಳಿತವರ ಪೈಕಿ ಒಬ್ಬ ನಿವೃತ್ತ ಶಿರಸ್ತೇದಾರರು, ಒಬ್ಬ ಬ್ಯಾಂಕಿನ ಅಧಿಕಾರಿಗಳು, ಒಬ್ಬ ವಕೀಲರು, ಮೂವರೂ ಇದೇ ಗತಿಯವರು. ವಿದ್ಯಾವಂತರ ಹೆಸರುಗಳೇ ಹೀಗೆ ಬಿಟ್ಟುಹೋಗುವುದಕ್ಕೆ ಕಾರಣವೇನೆಂದು ವಿಚಾರ ಮಾಡಿದಾಗ ಹೊಳೆದುದು ಇಷ್ಟೆ: ನಾವು ಚೀಟಿಯನ್ನೇ ಹಕ್ಕೆಂದು ಭ್ರಮಿಸಿದ್ದೇವೆ.

ಭಾವಚಿತ್ರವುಳ್ಳ ಗುರುತಿನ ಚೀಟಿಯು ೧೯೯೩ರಲ್ಲಿ, ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಆರಂಭವಾದುದು. ಅದಕ್ಕೆ ಮೊದಲು ನಾಲ್ಕು ದಶಕಗಳ ಕಾಲ ದೇಶದಲ್ಲಿ ಚೀಟಿಯಿಲ್ಲದೆಯೇ ಚುನಾವಣೆಗಳು ನಡೆದವು. ಚೀಟಿಯು ಇವನು ಇಂಥವನೆಂದು ತೋರಿಸುವ ಗುರುತು ಮಾತ್ರ. ಅದು ಮನೆಯಲ್ಲಿ ಮರೆತುಹೋದರೂ ಆಯೋಗವು ಒಪ್ಪಿದ ಬೇರೆ ಗುರುತಿನ ಪತ್ರಗಳಲ್ಲಿ ಯಾವುದಾದರೊಂದನ್ನು ತೋರಿಸಿ ಮತ ಹಾಕಬಹುದು. ಆದರೆ ೧೯೫೧ರ ಪ್ರಜಾಪ್ರಾತಿನಿಧ್ಯ ಶಾಸನದ ೬೨ನೆಯ ಪ್ರಕರಣದ ಪ್ರಕಾರ, ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಆ ಕ್ಷೇತ್ರದಲ್ಲಿ ಮತವಿಲ್ಲ. ಬೇರು ಪಟ್ಟಿಯಲ್ಲಿದೆ, ಚೀಟಿ ಎಲೆ ಮಾತ್ರ.

ಈ ಪಟ್ಟಿಯ ಬೆಲೆಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ನೋಡಬೇಕು. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿದಾಗ ಅದರಲ್ಲಿ ೧೪೪ ಜನ ಸದಸ್ಯರಿದ್ದರು. ಅವರನ್ನು ಜನರು ಆರಿಸಿ ಕಳುಹಿಸಿದ್ದಲ್ಲ. ಹತ್ತು ವರ್ಷಗಳ ಮೇಲೆ ಚುನಾವಣೆಯ ತತ್ತ್ವ ಬಂದಿತು. ಬಂದರೂ ಆಸ್ತಿಯುಳ್ಳವರಿಗೆ, ಕಂದಾಯ ಕಟ್ಟುವವರಿಗೆ, ಕಲಿತವರಿಗೆ ಮಾತ್ರ. ಗುಡಿಸಲಲ್ಲಿ ಇದ್ದವನ ಹೆಸರನ್ನು ಯಾವ ಪಟ್ಟಿಯೂ ಕೇಳಲಿಲ್ಲ. ೧೯೫೦ರ ನಮ್ಮ ಸಂವಿಧಾನವು ಒಂದೇ ಏಟಿಗೆ ಈ ಬೇಲಿಯನ್ನೆಲ್ಲ ಕಿತ್ತೊಗೆಯಿತು. ೩೨೫ನೆಯ ವಿಧಿಯಂತೆ ಕ್ಷೇತ್ರಕ್ಕೆ ಒಂದೇ ಪಟ್ಟಿ. ಮತ, ಕುಲ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಅದರ ಹೊರಗಿಡುವಂತಿಲ್ಲ. ೩೨೬ನೆಯ ವಿಧಿಯಂತೆ ವಯಸ್ಸಿಗೆ ಬಂದ ಪ್ರತಿಯೊಬ್ಬ ಪೌರನಿಗೂ ಮತ. ಓದು ಬಾರದ ದೇಶಕ್ಕೆ ಇದು ಹುಚ್ಚು ಸಾಹಸವೆಂದು ನಕ್ಕವರು ಆಗ ಕಡಿಮೆಯಿರಲಿಲ್ಲ.

ಮೊದಲನೆಯ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ೧೯೫೧-೫೨ರ ಪ್ರಥಮ ಮಹಾಚುನಾವಣೆಗಾಗಿ ಸಿದ್ಧಪಡಿಸಿದ ಪಟ್ಟಿಯಲ್ಲಿ ೧೭ ಕೋಟಿಗೂ ಮಿಕ್ಕಿ ಹೆಸರುಗಳಿದ್ದವು. ಆ ಪಟ್ಟಿಯನ್ನು ಬರೆಯುವಾಗ ನಡೆದ ಒಂದು ಸಂಗತಿಯನ್ನು ನಮ್ಮ ವಾಚಕರು, ವಿಶೇಷವಾಗಿ ವಾಚಕ ಮಹನೀಯರ ಮನೆಯ ಮಾತೆಯರು, ನೆನಪಿನಲ್ಲಿಡಬೇಕು. ಬರೆಯಲು ಬಂದವರು ಹೆಸರು ಕೇಳಿದಾಗ ಉತ್ತರ ಭಾರತದ ಕೆಲವು ಪ್ರಾಂತಗಳ ಹೆಂಗಸರು ತಮ್ಮ ಹೆಸರು ಹೇಳಲೊಲ್ಲದೆ ಇಂಥವರ ತಾಯಿ, ಇಂಥವರ ಹೆಂಡತಿ ಎಂದು ಬರೆಸಿದರು. ಹೀಗೆ ಬರೆಸಿದ ನಮೂದುಗಳನ್ನು ಒಪ್ಪಲಾಗದೆಂದು ಸೇನರು ಹಟ ಹಿಡಿದರು. ಸುಮಾರು ೮ ಕೋಟಿ ಸ್ತ್ರೀ ಮತದಾರರಲ್ಲಿ ೨೮ ಲಕ್ಷದಷ್ಟು ಮಂದಿಯ ನಮೂದುಗಳನ್ನು ಕಡೆಗೆ ಹೊಡೆದುಹಾಕಬೇಕಾಯಿತು. ಆ ಕ್ರಮ ಕಠಿನವೆಂದು ಆಗ ಅನೇಕರು ಆಕ್ಷೇಪಿಸಿದರು. ನಮ್ಮ ಅಭಿಪ್ರಾಯದಲ್ಲಿ ಸೇನರು ಮಾಡಿದ್ದು ಸರಿ. ರಾಷ್ಟ್ರದ ಪಟ್ಟಿಯಲ್ಲಿ ಸ್ತ್ರೀಯು ತನ್ನ ಸ್ವಂತ ಹೆಸರಿನಿಂದಲೇ ನಿಲ್ಲಬೇಕೆಂಬ ನಿಯಮ ಅಲ್ಲಿಂದ ನೆಲೆಯಾಯಿತು. ಇಂದು ನಮ್ಮ ಹೆಣ್ಣುಮಕ್ಕಳು ಹೆಸರು ಹೇಳಲು ನಾಚುವುದಿಲ್ಲ, ನಿಜ. ಆದರೆ ಮದುವೆಯಾಗಿ ಬೇರೆ ಊರಿಗೆ ಹೋದವರ ಹೆಸರು ತವರಿನ ಪಟ್ಟಿಯಲ್ಲಿಯೇ ಉಳಿದು, ಗಂಡನ ಊರಿನಲ್ಲಿ ಸೇರದೆ, ಎರಡೂ ಕಡೆ ಇಲ್ಲದಂತಾಗುವುದು ಇಂದಿಗೂ ನಮ್ಮ ಮನೆಮನೆಯ ಕಥೆ. ಪಡಿತರ ಚೀಟಿಗೆ ಸೊಸೆಯ ಹೆಸರನ್ನು ತಿಂಗಳೊಳಗೆ ಸೇರಿಸುವ ಮಾವಂದಿರು ಈ ಪಟ್ಟಿಗೆ ಮಾತ್ರ ವರ್ಷಗಟ್ಟಲೆ ಸೇರಿಸುವುದಿಲ್ಲ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಮತದಾನದ ವಯಸ್ಸು ಮೊದಲು ೨೧ ಇದ್ದುದು ಸಂವಿಧಾನದ ೬೧ನೆಯ ತಿದ್ದುಪಡಿಯಿಂದ ೧೯೮೯ರಲ್ಲಿ ೧೮ಕ್ಕೆ ಇಳಿಯಿತು. ಬಹಳ ಕಾಲ ಜನವರಿ ೧ನೆಯ ತಾರೀಖಿಗೆ ೧೮ ತುಂಬಿರಬೇಕೆಂಬ ಒಂದೇ ನಿಯಮವಿತ್ತು; ಫೆಬ್ರವರಿಯಲ್ಲಿ ಹುಟ್ಟಿದ ಹುಡುಗನು ಬಹುತೇಕ ಒಂದು ವರ್ಷ ಕಾಯಬೇಕಾಗಿತ್ತು. ೨೦೨೧ರ ತಿದ್ದುಪಡಿಯಿಂದ ಈ ಅನ್ಯಾಯ ತಪ್ಪಿದೆ. ೨೦೨೨ರ ಆಗಸ್ಟಿನಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳುಗಳ ಮೊದಲನೆಯ ತಾರೀಖುಗಳೂ ಅರ್ಹತಾ ದಿನಗಳೇ. ೧೭ ತುಂಬಿದ ಹುಡುಗ ಹುಡುಗಿಯರು ಮುಂಚಿತವಾಗಿಯೇ ಅರ್ಜಿ ಕೊಟ್ಟಿರಬಹುದು. ವಯಸ್ಸು ತುಂಬಿದ ಮೇಲೆ ಬರುವ ಅರ್ಹತಾ ದಿನಕ್ಕೆ ಅದು ಪರಿಶೀಲನೆಗೆ ಬರುತ್ತದೆ. ಕಾಲೇಜುಗಳ ಪ್ರಾಂಶುಪಾಲರು ಪ್ರವೇಶದ ಅರ್ಜಿಯ ಜೊತೆಯಲ್ಲಿ ಈ ನಮೂನೆಯನ್ನೂ ಕೈಗೆ ಕೊಟ್ಟರೆ ಏನು ನಷ್ಟ?

ಹೊಸದಾಗಿ ಸೇರುವವರಿಗೆ ನಮೂನೆ ೬. ಅದಕ್ಕೆ ಒಂದು ಭಾವಚಿತ್ರ, ವಯಸ್ಸಿಗೆ ಒಂದು ಆಧಾರ, ವಾಸಕ್ಕೆ ಒಂದು ಆಧಾರ. ಜನನ ಪತ್ರ ಅಥವಾ ಹತ್ತನೆಯ ತರಗತಿಯ ಅಂಕಪಟ್ಟಿ ವಯಸ್ಸಿಗೆ ಸಾಕು. ನೀರಿನ ಅಥವಾ ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ಇಲ್ಲವೇ ಅಂಚೆ ಕಚೇರಿಯ ಪಾಸ್‌ಬುಕ್ಕು, ನೋಂದಾಯಿತ ಬಾಡಿಗೆ ಕರಾರು, ಇವುಗಳಲ್ಲಿ ಒಂದು ವಾಸಕ್ಕೆ ಸಾಕು. ಅರ್ಜಿಯಲ್ಲಿ ಆಧಾರ್ ಸಂಖ್ಯೆಯನ್ನು ಕೇಳಿರುತ್ತಾರೆ. ಆದರೆ ಸಕಾರಣವಾಗಿ ಆ ಸಂಖ್ಯೆಯನ್ನು ಕೊಡಲಾಗದವನ ಅರ್ಜಿಯನ್ನು ಅಷ್ಟರಿಂದಲೇ ತಳ್ಳಿಹಾಕುವಂತಿಲ್ಲವೆಂದು ಶಾಸನವೇ ಹೇಳುತ್ತದೆ. ಅರ್ಜಿಯನ್ನು ಆಯೋಗದ ಜಾಲತಾಣದಲ್ಲಿಯೂ ತುಂಬಬಹುದು, ತಾಲ್ಲೂಕು ಕಚೇರಿಯಲ್ಲಿಯೂ ಕೊಡಬಹುದು, ಅಥವಾ ನಮ್ಮ ಬೀದಿಯ ಮತಗಟ್ಟೆ ಮಟ್ಟದ ಅಧಿಕಾರಿಯ ಕೈಗೇ ಕೊಡಬಹುದು. ಈ ಅಧಿಕಾರಿಯೆಂದರೆ ದೊಡ್ಡ ಮೇಜಿನ ಹಿಂದೆ ಕುಳಿತ ವ್ಯಕ್ತಿಯಲ್ಲ. ಸಾಮಾನ್ಯವಾಗಿ ಪ್ರಾಥಮಿಕ ಶಾಲೆಯ ಮೇಷ್ಟರೋ ಅಂಗನವಾಡಿಯ ಕಾರ್ಯಕರ್ತೆಯೋ ಆಗಿರುತ್ತಾರೆ, ತಮ್ಮ ನಿತ್ಯದ ಕೆಲಸದ ಮೇಲೆ ಈ ಭಾರವನ್ನೂ ಹೊತ್ತಿರುತ್ತಾರೆ. ಬಿಸಿಲಿನಲ್ಲಿ ಬಂದು ಬಾಗಿಲು ತಟ್ಟಿದವರಿಗೆ ಒಳಗಿನಿಂದಲೇ "ಆಮೇಲೆ ಬನ್ನಿ" ಎನ್ನುವ ದೊಡ್ಡ ಮನೆಗಳು ನಮ್ಮ ಊರಿನಲ್ಲಿ ಅನೇಕವಿವೆ. ಅವೇ ಮನೆಗಳವರು ಪಟ್ಟಿಯಲ್ಲಿ ಹೆಸರಿಲ್ಲವೆಂದು ಸರಕಾರವನ್ನು ಬೈಯುವವರೂ ಹೌದು. ಅವರು ಯಾರೆಂದು ತಿಳಿಯದಿದ್ದರೆ ೧೯೫೦ ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಹೇಳುತ್ತಾರೆ. ಈ ಕೆಲಸಕ್ಕೆ ಕಾಸಿನ ಶುಲ್ಕವೂ ಇಲ್ಲ. ಕಚೇರಿಯ ಮುಂದೆ ಮರದ ಕೆಳಗೆ ಕುಳಿತು ಇನ್ನೂರು ರೂಪಾಯಿಗೆ ಹೆಸರು ಸೇರಿಸಿಕೊಡುತ್ತೇನೆನ್ನುವವನಿಗೆ ನಮಸ್ಕಾರ ಹೇಳಿ ಮುಂದೆ ಹೋಗತಕ್ಕದ್ದು.

ಮನೆಯೇ ಇಲ್ಲದವನು ವಿಳಾಸದ ಆಧಾರವನ್ನು ಎಲ್ಲಿಂದ ತಂದಾನು? ಆಯೋಗವು ಇದನ್ನು ಯೋಚಿಸಿಯೇ ಇದೆ. ಅಂಥವನು ಅರ್ಜಿಯಲ್ಲಿ ತಾನು ಮಲಗುವ ಜಾಗವನ್ನು ಬರೆದರೆ, ಅಧಿಕಾರಿಯು ರಾತ್ರಿಯ ಹೊತ್ತು ಅಲ್ಲಿಗೆ ಹೋಗಿ, ಒಂದು ರಾತ್ರಿಗಿಂತ ಹೆಚ್ಚು ನೋಡಿ, ಅವನು ಅಲ್ಲಿಯೇ ಮಲಗುವನೆಂದು ಖಚಿತಪಡಿಸಿಕೊಂಡರೆ ಸಾಕು. ಬೇರೆ ಕಾಗದ ಬೇಡ. ಮಾರುಕಟ್ಟೆಯ ಕಟ್ಟೆಯ ಮೇಲೆ ಗೋಣಿ ಹಾಸಿ ಮಲಗುವ ಕೂಲಿಯವನನ್ನು ಹುಡುಕಿಕೊಂಡು ರಾಜ್ಯವು ರಾತ್ರಿಯಲ್ಲಿ ಲಾಂದ್ರ ಹಿಡಿದು ಹೋಗುವುದೆಂದರೆ, ೧೮೮೧ರ ಮಹನೀಯರಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ನಿಯಮವು ಇಷ್ಟು ಉದಾರವಾಗಿದ್ದರೂ ಆ ಕಟ್ಟೆಯವರಲ್ಲಿ ಎಷ್ಟು ಮಂದಿಗೆ ಅದು ತಿಳಿದಿದೆ? ತಿಳಿಸತಕ್ಕವರು ಅವರ ಪಕ್ಕದಲ್ಲಿ ಅಂಗಡಿಯಿಟ್ಟಿರುವ ನಮ್ಮ ವರ್ತಕ ಬಂಧುಗಳು.

ವಾಸವೆಂದರೆ ಯಾವುದೆಂಬ ವಿಷಯದಲ್ಲಿ ನಮ್ಮ ಜನರಿಗೆ ದೊಡ್ಡ ಗೊಂದಲವಿದೆ. ೧೯೫೦ರ ಶಾಸನವು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರವೆಂದು ಹೇಳುತ್ತದೆ. ಅಲ್ಲಿ ಮನೆಯಿದೆ ಅಥವಾ ಮನೆಯ ಒಡೆತನವಿದೆ ಎಂಬಷ್ಟರಿಂದಲೇ ಯಾರೂ ಅಲ್ಲಿನ ವಾಸಿಯಾಗುವುದಿಲ್ಲವೆಂದೂ ಸ್ಪಷ್ಟಪಡಿಸುತ್ತದೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಸಂಸಾರ ಮಾಡಿಕೊಂಡಿದ್ದು, ಮತವನ್ನು ಮಾತ್ರ ಹಾಸನದ ಕಡೆಯ ಹಳ್ಳಿಯಲ್ಲೋ ಗದಗಿನ ಕಡೆಯಲ್ಲೋ ಇಟ್ಟುಕೊಂಡಿರುವ ಮಿತ್ರರು ನಮಗೆ ಬಹಳ ಮಂದಿ. ಚುನಾವಣೆಯ ಹಿಂದಿನ ರಾತ್ರಿ ಬಸ್ಸು ನಿಲ್ದಾಣಕ್ಕೆ ಹೋಗಿ ನೋಡಿದರೆ ಈ ಪ್ರೀತಿಯ ಪ್ರಮಾಣ ತಿಳಿಯುತ್ತದೆ. ಹುಟ್ಟಿದ ಊರಿನ ಅಭಿಮಾನವನ್ನು ನಾವು ಹಳಿಯುವುದಿಲ್ಲ. ಊರದೇವರ ಜಾತ್ರೆಗೂ ತಂದೆಯ ಶ್ರಾದ್ಧಕ್ಕೂ ಹೋಗುವುದು ನ್ಯಾಯವೇ. ಆದರೆ ನೀವು ಕುಡಿಯುವ ನೀರು, ನಿಮ್ಮ ಮಕ್ಕಳು ನಡೆಯುವ ರಸ್ತೆ, ನೀವು ಕಟ್ಟುವ ಮನೆಗಂದಾಯ, ಇವೆಲ್ಲ ಒಂದು ಊರಿನಲ್ಲಿ. ಅವುಗಳನ್ನು ನೋಡಿಕೊಳ್ಳುವವರನ್ನು ಆರಿಸುವ ಹಕ್ಕು ಇನ್ನೊಂದು ಊರಿನಲ್ಲಿ! ಹಳ್ಳಿಯವರಿಗೂ ಇದರಿಂದ ನ್ಯಾಯವಾಗದು. ಇನ್ನು ಎರಡು ಕಡೆಯೂ ಹೆಸರಿಟ್ಟುಕೊಂಡಿರುವ ಜಾಣರಿಗೆ ಒಂದು ಮಾತು: ಒಬ್ಬನ ಹೆಸರು ಎರಡು ಕ್ಷೇತ್ರಗಳಲ್ಲಿ ಇರಕೂಡದು, ಅರ್ಜಿಯಲ್ಲಿ ತಿಳಿದೂ ಸುಳ್ಳು ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಸೆರೆಮನೆ, ಇಲ್ಲವೆ ದಂಡ, ಇಲ್ಲವೆ ಎರಡೂ ಉಂಟು. ವಿದ್ಯಾರ್ಥಿಗಳಿಗೆ ಮಾತ್ರ ಸ್ವಲ್ಪ ಸೌಕರ್ಯವಿದೆ: ತಂದೆತಾಯಿಯರ ಮನೆಯಲ್ಲಾಗಲಿ ತಾವಿರುವ ವಿದ್ಯಾರ್ಥಿನಿಲಯದಲ್ಲಾಗಲಿ, ಯಾವುದಾದರೊಂದು ಕಡೆ, ಸೇರಿಕೊಳ್ಳಬಹುದು. ಹೊರದೇಶದಲ್ಲಿದ್ದು ಅಲ್ಲಿಯ ಪೌರತ್ವವನ್ನು ಪಡೆಯದ ಕನ್ನಡಿಗರಿಗೆ ನಮೂನೆ ೬ಎ ಇದೆ.

ಮನೆ ಬದಲಾಯಿಸಿದವರಿಗೆ, ಹೆಸರಿನ ತಪ್ಪು ತಿದ್ದಬೇಕಾದವರಿಗೆ, ಚೀಟಿ ಕಳೆದವರಿಗೆ ನಮೂನೆ ೮. ನಮ್ಮನ್ನು ಕಾಪಾಡಬಹುದಾಗಿದ್ದುದು ಈ ಒಂದು ಹಾಳೆ. ನಮೂನೆ ೭ ಎಂಬುದು ಹೆಸರು ತೆಗೆಸುವುದಕ್ಕೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅದನ್ನು ಕೊಡುವುದು ಉಳಿದವರ ಕರ್ತವ್ಯ. ಆದರೆ ಈ ನಮೂನೆಗೆ ಎರಡು ಅಲಗುಗಳಿವೆ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ೨೦೨೩ರ ಚುನಾವಣೆಗೆ ಮುಂಚೆ ಹೆಸರು ತೆಗೆಯಬೇಕೆಂದು ಜಾಲತಾಣದ ಮೂಲಕ ೬,೦೧೮ ಅರ್ಜಿಗಳು ಬಂದವು. ಅನುಮಾನಗೊಂಡು ಒಂದೊಂದನ್ನೂ ಸ್ಥಳದಲ್ಲಿ ವಿಚಾರಿಸಿದಾಗ ೨೪ ಮಾತ್ರ ಸರಿಯಾದವು. ೫,೯೯೪ ಸುಳ್ಳೆಂದು ತಿರಸ್ಕೃತವಾದವು. ಪೋಲೀಸರಲ್ಲಿ ಪ್ರಕರಣ ದಾಖಲಾಯಿತು. ಬದುಕಿರುವ, ಊರಿನಲ್ಲಿಯೇ ಇರುವ ಸಾವಿರಾರು ಜನರ ಹೆಸರನ್ನು ಅವರಿಗೇ ತಿಳಿಯದಂತೆ ಅಳಿಸಲು ಯಾರೋ ಎಲ್ಲಿಯೋ ಕುಳಿತು ಪ್ರಯತ್ನಿಸಿದರೆಂದರೆ, ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ನೋಡದೆ ನಿಶ್ಚಿಂತೆಯಿಂದಿರುವ ನಮ್ಮ ಅಭ್ಯಾಸವು ಎಷ್ಟು ಅಪಾಯಕರವೆಂಬುದು ತಿಳಿದೀತು. ೨೦೨೫ರಲ್ಲಿ ಬಿಹಾರದ ಪಟ್ಟಿಯನ್ನು ಮನೆಮನೆಯಿಂದ ಹೊಸದಾಗಿ ಪರಿಷ್ಕರಿಸಿದಾಗ ಕರಡಿನಿಂದ ಸುಮಾರು ೬೫ ಲಕ್ಷ ಹೆಸರುಗಳು ಬಿಟ್ಟುಹೋದವು. ಆ ಹೆಸರುಗಳನ್ನೂ ಬಿಟ್ಟ ಕಾರಣಗಳನ್ನೂ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟು ಆಗಸ್ಟ್ ತಿಂಗಳಲ್ಲಿ ಆಜ್ಞೆ ಮಾಡಬೇಕಾಯಿತು. ಸತ್ತವರ ಹೆಸರು ಪಟ್ಟಿಯಲ್ಲಿರಕೂಡದು, ಒಪ್ಪತಕ್ಕದ್ದೇ. ಆದರೆ ಬದುಕಿದವನೊಬ್ಬನ ಹೆಸರನ್ನು ಅಳಿಸುವುದು ಸತ್ತವನೊಬ್ಬನ ಹೆಸರನ್ನು ಉಳಿಸುವುದಕ್ಕಿಂತ ದೊಡ್ಡ ತಪ್ಪೆಂದು ನಾವು ನಂಬಿದ್ದೇವೆ.

ಅರ್ಜಿ ತಿರಸ್ಕೃತವಾದರೆ ತಲೆಯ ಮೇಲೆ ಕೈಹೊತ್ತು ಕೂರಬೇಕಾಗಿಲ್ಲ. ಹದಿನೈದು ದಿವಸಗಳೊಳಗೆ ಜಿಲ್ಲಾಧಿಕಾರಿಗಳಲ್ಲಿ ಮೇಲ್ಮನವಿ; ಅಲ್ಲಿಯೂ ಆಗದಿದ್ದರೆ ಮೂವತ್ತು ದಿವಸಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಲ್ಲಿ. ಕಾಲದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿವಸ ಕಳೆದ ಮೇಲೆ ಆ ಚುನಾವಣೆಗೆ ಯಾವ ಹೆಸರನ್ನೂ ಸೇರಿಸುವಂತಿಲ್ಲ. ಅದಕ್ಕೆ ಮುಂಚೆ ಆಕ್ಷೇಪಣೆಗಾಗಿ ಏಳು ದಿವಸಗಳ ಅವಕಾಶವನ್ನೂ ಕೊಡಬೇಕು. ಧ್ವನಿವರ್ಧಕದ ಸದ್ದು ಬೀದಿಯಲ್ಲಿ ಕೇಳಿದ ಮೇಲೆ ಅರ್ಜಿ ಹುಡುಕುವವನ ಕೆಲಸವು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ.

ಸ್ಥಳೀಯ ಸಂಸ್ಥೆಗಳ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರಪಾಲಿಕೆ, ಇವುಗಳ ಚುನಾವಣೆಯನ್ನು ನಡೆಸುವುದು ದೆಹಲಿಯ ಆಯೋಗವಲ್ಲ. ೭೩ ಮತ್ತು ೭೪ನೆಯ ತಿದ್ದುಪಡಿಗಳಿಂದ ಹುಟ್ಟಿದ ರಾಜ್ಯ ಚುನಾವಣಾ ಆಯೋಗ. ಆದಕಾರಣ ಅದಕ್ಕೆ ಬೇರೆ ಅರ್ಜಿ ಬೇಕೆಂದು ಕೆಲವರು, ಅದರ ಪಟ್ಟಿ ತಾನಾಗಿಯೇ ಆಗುತ್ತದೆಂದು ಕೆಲವರು ನಂಬಿದ್ದಾರೆ. ಕರ್ನಾಟಕದಲ್ಲಿ ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನೇ ಒಡೆದು ವಾರ್ಡುಗಳ ಪಟ್ಟಿಯನ್ನು ಮಾಡುತ್ತಾರೆ. ಆ ಪಟ್ಟಿಯಲ್ಲಿ ಇಲ್ಲದವನು ಈ ಪಟ್ಟಿಯಲ್ಲಿಯೂ ಇಲ್ಲ. ಹೀಗೆ ಒಡೆಯುವಾಗ ಒಂದು ಬೀದಿಯ ಅರ್ಧ ಈ ವಾರ್ಡಿಗೆ, ಅರ್ಧ ಆ ವಾರ್ಡಿಗೆ ಹೋಗುವ ವಿನೋದಗಳೂ ನಡೆಯುತ್ತವೆ. ಕರಡು ಪಟ್ಟಿ ಪ್ರಕಟವಾದ ಕೂಡಲೇ ನೋಡಿ ಆಕ್ಷೇಪಣೆ ಸಲ್ಲಿಸಿದರೆ ಮಾತ್ರ ಸರಿಹೋದೀತು. ಪಂಚಾಯಿತಿಯ ಮತವನ್ನು ಸಣ್ಣದೆಂದು ತಿಳಿಯಬೇಡಿರಿ. ವಿಧಾನಪರಿಷತ್ತಿನ ೭೫ ಸ್ಥಾನಗಳಲ್ಲಿ ೨೫ನ್ನು ಆರಿಸುವವರು ಈ ಸ್ಥಳೀಯ ಸಂಸ್ಥೆಗಳ ಸದಸ್ಯರು.

ಪಟ್ಟಿಯಲ್ಲಿ ಹೆಸರಿದ್ದರೂ ಚುನಾವಣೆಯೇ ನಡೆಯದಿದ್ದರೇನು ಮಾಡುವುದೆಂದು ಬೆಂಗಳೂರಿನ ವಾಚಕರು ಕೇಳಿದರೆ ನಮ್ಮಲ್ಲಿ ಸುಲಭವಾದ ಉತ್ತರವಿಲ್ಲ. ಅಲ್ಲಿಯ ಮಹಾನಗರಪಾಲಿಕೆಯ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನದ ಕಟ್ಟಳೆ. ಐದು ವರ್ಷ ಕಳೆದರೂ ನಡೆಯಲಿಲ್ಲ. ೨೦೨೫ರಲ್ಲಿ ಆ ಪಾಲಿಕೆಯನ್ನೇ ಐದಾಗಿ ಒಡೆದರು. ಆ ಐದು ವರ್ಷಗಳಲ್ಲಿ ಎರಡು ದೊಡ್ಡ ಪಕ್ಷಗಳೂ ಸರದಿಯಂತೆ ಅಧಿಕಾರದಲ್ಲಿಯೂ ವಿರೋಧದಲ್ಲಿಯೂ ಇದ್ದವು. ವಿರೋಧದಲ್ಲಿದ್ದಾಗ ಎಲ್ಲರಿಗೂ ಚುನಾವಣೆ ಬೇಕಾಗಿತ್ತು.

ಪದವೀಧರರಾದ ವಾಚಕರಿಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕಾಗಿದೆ. ವಿಧಾನಪರಿಷತ್ತಿಗೆ ಪದವೀಧರರು ೭ ಮಂದಿಯನ್ನೂ ಶಿಕ್ಷಕರು ೭ ಮಂದಿಯನ್ನೂ ಆರಿಸುತ್ತಾರೆ. ಈ ಪಟ್ಟಿಯು ಸಾಮಾನ್ಯ ಪಟ್ಟಿಯಂತಲ್ಲ; ಪ್ರತಿ ಚುನಾವಣೆಗೂ ಹೊಸದಾಗಿ ಬರೆಯುತ್ತಾರೆ. ಆರು ವರ್ಷದ ಹಿಂದೆ ಹೆಸರಿತ್ತೆಂಬುದು ಈಗ ಲೆಕ್ಕಕ್ಕಿಲ್ಲ. ಪದವಿ ಪಡೆದು, ಅರ್ಹತಾ ದಿನವಾದ ನವೆಂಬರ್ ೧ಕ್ಕೆ ಮೂರು ವರ್ಷ ತುಂಬಿದವರು ನಮೂನೆ ೧೮ನ್ನು ಪದವಿಪತ್ರದ ದೃಢೀಕೃತ ನಕಲಿನೊಡನೆ ಸಲ್ಲಿಸಬೇಕು. ಪ್ರೌಢಶಾಲೆಗಿಂತ ಕಡಿಮೆಯಲ್ಲದ ಸಂಸ್ಥೆಗಳಲ್ಲಿ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪಾಠ ಹೇಳಿದವರಿಗೆ ನಮೂನೆ ೧೯. ಮೆಟ್ರಿಕ್ಯುಲೇಷನ್ನಿನ ಬಾಗಿಲಿನಲ್ಲಿಯೇ ನಿಂತುಹೋದ ನಮಗೆ ಈ ಎರಡನೆಯ ಮತದ ಭಾಗ್ಯವಿಲ್ಲ. ಮೂರು ಮೂರು ಪದವಿಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದವರು ನಮೂನೆ ೧೮ ಎಂದರೇನೆಂದು ನಮ್ಮನ್ನೇ ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ನಮ್ಮದೊಂದು ಮತದಿಂದ ಏನಾದೀತು ಎನ್ನುವವರಿಗೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯನ್ನು ನೆನಪಿಸುತ್ತೇವೆ. ೨೦೦೪ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದುದೂ ಎ. ಆರ್. ಕೃಷ್ಣಮೂರ್ತಿ ಅವರು ಸೋತುದೂ ಒಂದೇ ಒಂದು ಮತದಿಂದ. ಅಷ್ಟು ದೂರ ಹೋಗುವುದೇಕೆ? ನಮಗೆ ಮಸಿ ಹತ್ತದ ಅದೇ ೨೦೨೩ರ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರವು ೧೬ ಮತಗಳ ಅಂತರದಿಂದ ತೀರ್ಮಾನವಾಯಿತು. ಅಂದು ಸಂಜೆ ನಮ್ಮ ಜಗಲಿಯಲ್ಲಿದ್ದವರು ನಮ್ಮನ್ನೂ ಸೇರಿಸಿ ನಾಲ್ವರು. ಅಂತಹ ನಾಲ್ಕು ಜಗಲಿಗಳಿಗೆ ೧೬ ಆಗುತ್ತದೆ.

ಆ ಮೇಲೆ ನಾವು ಅರ್ಜಿ ಕೊಟ್ಟೆವು. ಮೇಷ್ಟರೊಬ್ಬರು ಮನೆಗೆ ಬಂದು, ನೀರಿನ ಬಿಲ್ಲನ್ನು ನೋಡಿ, ಸಹಿ ಮಾಡಿಸಿಕೊಂಡು ಹೋದರು. ಕಾಫಿ ಕುಡಿಯಲು ಒಪ್ಪಲಿಲ್ಲ, ಇನ್ನೂ ಇಪ್ಪತ್ತು ಮನೆಗಳಿವೆಯೆಂದರು. ೨೦೨೪ರ ಲೋಕಸಭೆಯ ಚುನಾವಣೆಗೆ ನಮ್ಮ ಹೆಸರು ಹೊಸ ಬಡಾವಣೆಯ ಭಾಗದಲ್ಲಿತ್ತು, ತಂದೆಯವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ. ಅಷ್ಟಕ್ಕೇ ಮತಕ್ಕೆ ಅಡ್ಡಿಯಾಗಲಿಲ್ಲ. ಆಮೇಲೆ ಅದನ್ನೂ ನಮೂನೆ ೮ರಿಂದ ತಿದ್ದಿಸಿಕೊಂಡೆವು. ಈಗ ನಮ್ಮ ಪತ್ರಿಕಾಲಯದ ಮುಂಭಾಗದ ಮೇಜಿನ ಮೇಲೆ ನಮೂನೆ ೬, ೭, ೮ರ ಪ್ರತಿಗಳನ್ನೂ ಊರಿನ ಎಲ್ಲ ಭಾಗಗಳ ಪಟ್ಟಿಗಳನ್ನೂ ಇರಿಸಿದ್ದೇವೆ. ಭಾನುವಾರವೊಂದನ್ನು ಬಿಟ್ಟು ದಿನವೂ ಸಂಜೆ ನಾಲ್ಕರಿಂದ ಆರು ಗಂಟೆಯವರೆಗೆ ಯಾರು ಬೇಕಾದರೂ ಬಂದು ತಮ್ಮ ಹೆಸರನ್ನು ನೋಡಿಕೊಳ್ಳಬಹುದು. ಬರೆಯಲು ಬಾರದವರಿಗೆ ನಮ್ಮ ಗುಮಾಸ್ತರು ಬರೆದುಕೊಡುವರು. ಮೊದಲನೆಯ ದಿವಸ ಬಂದವಳು ಕಸ ಗುಡಿಸುವ ಆ ಮುದುಕಿಯೇ. ೧೮ ತುಂಬಿದ ಮೊಮ್ಮಗಳನ್ನು ಕೈಹಿಡಿದು ಕರೆದುಕೊಂಡು ಬಂದಿದ್ದಳು.